ಹನ್ನೊಂದು ಶೋಧ ಅಂದರೆ ಎಷ್ಟು ತೈಲ?

ಪ್ರಶ್ನೆ: ಪ್ರತಿ ವರ್ಷ ಆರ್ಥಿಕ ಫಲಿತಾಂಶದ ಜೊತೆಗೇ "ಈ ವರ್ಷ ಇಷ್ಟು ಹೊಸ ತೈಲ, ಅನಿಲ ಶೋಧ" ಎಂಬ ಸುದ್ದಿ ಬರುತ್ತದೆ. ಒಎನ್‌ಜಿಸಿ 2023-24ರಲ್ಲಿ 11 ಶೋಧ ಘೋಷಿಸಿತು, ಮರುವರ್ಷ 9. ಆದರೂ ದೇಶದ ಉತ್ಪಾದನೆ ಏರಿದ್ದು ಕಾಣುವುದಿಲ್ಲ, ಆಮದು ಇಳಿಯುವುದಿಲ್ಲ. ಈ ಶೋಧಗಳೆಲ್ಲ ಎಲ್ಲಿಗೆ ಹೋಗುತ್ತವೆ? ಇಂಥ ವಾರ್ಷಿಕ ಫಲಿತಾಂಶವನ್ನು ನಮ್ಮಂಥವರು ಹೇಗೆ ಓದಬೇಕು? ಹಾಗೆಯೇ, ಕರ್ನಾಟಕದಲ್ಲಿ ಯಾರೂ ತೈಲಕ್ಕಾಗಿ ಕೊರೆಯುವುದಿಲ್ಲವಲ್ಲ, ಏಕೆ?

ಉತ್ತರ: ಶೋಧಗಳು ಎಲ್ಲಿಗೂ ಹೋಗುವುದಿಲ್ಲ. ಅವುಗಳಲ್ಲಿ ಹೆಚ್ಚಿನವು ಚಿಕ್ಕವು, ಕೆಲವು ಹಳೆಯ ಕ್ಷೇತ್ರದ ಪಕ್ಕದ ಪದರಗಳು, ನಿಜಕ್ಕೂ ದೊಡ್ಡದಾದದ್ದು ಸಿಕ್ಕರೂ ಪೈಪಿನಲ್ಲಿ ಹರಿಯಲು ಸಾಮಾನ್ಯವಾಗಿ ಐದರಿಂದ ಹದಿನೈದು ವರ್ಷ ಬೇಕು. ಅದರ ನಡುವೆ ಹಳೆಯ ಬಾವಿಗಳು ಬತ್ತುತ್ತಲೇ ಇರುತ್ತವೆ. ಆದ್ದರಿಂದ ಶೋಧಗಳ ಸಂಖ್ಯೆ ನೋಡಿ ವರ್ಷ ಚೆನ್ನಾಗಿತ್ತೋ ಕೆಟ್ಟದಾಗಿತ್ತೋ ಎಂದು ಹೇಳಲು ಬರುವುದಿಲ್ಲ. ನೋಡಬೇಕಾದದ್ದು ಹೊಸದಾಗಿ ಸೇರಿದ ಪ್ರಮಾಣ, ಅದೇ ವರ್ಷ ಹೊರತೆಗೆದ ಪ್ರಮಾಣ, ಮತ್ತು ಬಾವಿಗಳನ್ನು ಎಂಥ ಜಾಗದಲ್ಲಿ ಕೊರೆದರು ಎಂಬುದು.

ನೀವು ಹೇಳಿದ 2023-24ನ್ನೇ ತೆಗೆದುಕೊಳ್ಳೋಣ. ಆ ವರ್ಷ ಒಎನ್‌ಜಿಸಿ 541 ಬಾವಿ ಕೊರೆಯಿತು; 34 ವರ್ಷಗಳಲ್ಲೇ ಅತಿ ಹೆಚ್ಚು ಎಂದು ಸುದ್ದಿಯಾಯಿತು. ಆದರೆ ಅದರಲ್ಲಿ 438 ಅಭಿವೃದ್ಧಿ ಬಾವಿಗಳು, ಅಂದರೆ ತೈಲ ಇದೆ ಎಂದು ಮೊದಲೇ ಗೊತ್ತಿರುವ ಕ್ಷೇತ್ರದಲ್ಲಿ ಉತ್ಪಾದನೆಗಾಗಿ ಕೊರೆದವು. ಶೋಧ ಬಾವಿಗಳು 103. ಈ 103ರಲ್ಲೂ ಎಲ್ಲವೂ ಯಾರೂ ಕೊರೆಯದ ಹೊಸ ರಚನೆಯ ಮೇಲೆ ಇಟ್ಟ ಮೊದಲ ಬಾವಿಗಳಲ್ಲ. ಭಾರತದ ಲೆಕ್ಕದಲ್ಲಿ ಶೋಧ ಬಾವಿ ಎಂಬ ಹೆಸರಿನಡಿ, ಹಿಂದೆ ಸಿಕ್ಕ ನಿಕ್ಷೇಪದ ಅಗಲ ಎಷ್ಟು, ಅಂಚು ಎಲ್ಲಿ ಎಂದು ನೋಡಲು ಕೊರೆಯುವ ಮೌಲ್ಯಮಾಪನ ಬಾವಿಗಳೂ ಸೇರುತ್ತವೆ. ಅವುಗಳಲ್ಲಿ ಹೈಡ್ರೋಕಾರ್ಬನ್ (ತೈಲ ಅಥವಾ ಅನಿಲ) ಸಿಗುವ ಸಾಧ್ಯತೆ ಸಹಜವಾಗಿಯೇ ಹೆಚ್ಚು. ಹಾಗಾಗಿ 11ನ್ನು 103ರಿಂದ ಭಾಗಿಸಿ "ಯಶಸ್ಸು ಶೇ 11" ಎಂದರೂ ತಪ್ಪು, ಮೌಲ್ಯಮಾಪನ ಬಾವಿಗಳನ್ನೂ ಸೇರಿಸಿ ದೊಡ್ಡ ಯಶಸ್ಸಿನ ಪ್ರಮಾಣ ತೋರಿಸಿದರೂ ತಪ್ಪು.

ಆ 11 ಶೋಧಗಳನ್ನೂ ಕಂಪನಿಯೇ ಎರಡಾಗಿ ಬಿಡಿಸಿ ಹೇಳಿತ್ತು: 5 ಹೊಸ ಪ್ರಾಸ್ಪೆಕ್ಟ್, 6 ಹೊಸ ಪೂಲ್. ಸುದ್ದಿ ಬರೆಯುವವರು ಹೆಚ್ಚಾಗಿ ಕೈಬಿಡುವುದು ಇದನ್ನೇ. ಪ್ರಾಸ್ಪೆಕ್ಟ್ ಅಂದರೆ ಹಿಂದೆ ಏನೂ ಸಿಗದ ಬೇರೆಯೇ ರಚನೆ. ಪೂಲ್ ಅಂದರೆ ಗೊತ್ತಿರುವ ಕ್ಷೇತ್ರದಲ್ಲೇ ಮೇಲೆ ಅಥವಾ ಕೆಳಗೆ ಇನ್ನೊಂದು ಪದರದಲ್ಲಿ, ಇಲ್ಲವೇ ಒಂದು ಬಿರುಕಿನ ಆಚೆ ಸಿಕ್ಕ ಹೊಸ ಜೇಬು. ಪೂಲ್ ಎಂದರೆ ಹಗುರವಾಗಿ ಕಾಣಬೇಕಿಲ್ಲ. ಪಕ್ಕದಲ್ಲೇ ಪೈಪ್‌ಲೈನ್, ಶುದ್ಧೀಕರಣ ಘಟಕ ಇರುವುದರಿಂದ ಕೆಲವೇ ತಿಂಗಳಲ್ಲಿ ಉತ್ಪಾದನೆಗೆ ಬರಬಹುದು. ಆದರೆ ದೇಶದ ತೈಲ ಭೂಪಟವನ್ನು ಅದು ಬದಲಿಸುವುದಿಲ್ಲ.

ಇನ್ನು "ಶೋಧ" ಎಂಬ ಪದ. ಬಾವಿಯಲ್ಲಿ ಅದು ಹುಟ್ಟುವುದು ಹಂತ ಹಂತವಾಗಿ, ಪ್ರತಿ ಹಂತದಲ್ಲೂ ಮೋಸ ಹೋಗಲು ಅವಕಾಶವಿದೆ. ಕೊರೆತ ನಡೆಯುವಾಗ ಡ್ರಿಲ್ ಪೈಪಿನ ಒಳಗಿಂದ ಮಡ್ (ಕೊರೆತಕ್ಕೆ ಬಳಸುವ ಕೆಸರಿನಂಥ ದ್ರವ) ಇಳಿದು, ಬಿಟ್‌ನ ತೂತುಗಳಿಂದ ಚಿಮ್ಮಿ, ಕಲ್ಲಿನ ಚೂರುಗಳನ್ನು ಹೊತ್ತು ಮೇಲೆ ಬರುತ್ತದೆ. ಮೂರು ಸಾವಿರ ಮೀಟರ್ ಆಳದ ಚೂರು ಮೇಲೆ ಬರಲು ಒಂದೆರಡು ಗಂಟೆ ಹಿಡಿಯಬಹುದು. ಈ ತಡವನ್ನು ಲೆಕ್ಕ ಹಾಕಿಯೇ ಯಾವ ಚೂರು ಯಾವ ಆಳದ್ದು ಎಂದು ಗುರುತಿಸಬೇಕು. ಶೇಕರ್‌ನ ಜರಡಿಯಿಂದ ಒಂದು ಹಿಡಿ ಚೂರು ತೆಗೆದು, ತೊಳೆದು, ಕತ್ತಲ ಪೆಟ್ಟಿಗೆಯಲ್ಲಿ ನೇರಳಾತೀತ ದೀಪದ ಕೆಳಗೆ ಹಿಡಿಯುತ್ತಾರೆ. ತೈಲ ಅಂಟಿದ ಮರಳುಗಲ್ಲು ಹೊಂಬಣ್ಣಕ್ಕೋ ನೀಲಿ-ಬಿಳುಪಿಗೋ ಹೊಳೆಯುತ್ತದೆ. ಮೇಲೆ ಒಂದು ಹನಿ ದ್ರಾವಕ ಬಿಟ್ಟರೆ ಹೊಳಪು ಹೊಗೆಯ ಎಳೆಯಂತೆ ಹನಿಯೊಳಗೆ ಹರಡುತ್ತದೆ. ಅಲ್ಲಿದ್ದವರಿಗೆ ಎದೆ ಹಾರುವ ಗಳಿಗೆ ಅದು. ಆದರೆ ಪೈಪ್‌ನ ತಿರುಪಿಗೆ ಬಳಿದ ಗ್ರೀಸ್ ಕೂಡ ಹೊಳೆಯುತ್ತದೆ, ಡೀಸೆಲ್ ಬೆರೆತ ಮಡ್ ಕೂಡ ಹೊಳೆಯುತ್ತದೆ, ಕೆಲವು ಖನಿಜಗಳೂ ಹೊಳೆಯುತ್ತವೆ. ಎಂದೋ ತೈಲ ತುಂಬಿದ್ದು ಸೋರಿಹೋಗಿ ಬರೀ ಕಲೆ ಉಳಿದ ಕಲ್ಲೂ ಹೊಳೆಯುತ್ತದೆ.

ಮುಂದೆ ಬಾವಿಯೊಳಗೆ ತಂತಿಯಲ್ಲಿ ಉಪಕರಣ ಇಳಿಸಿ ಲಾಗ್, ಅಂದರೆ ಆಳದುದ್ದಕ್ಕೂ ಅಳತೆಯ ಗೆರೆ, ತೆಗೆಯುತ್ತಾರೆ. ಗಾಮಾ ಕಿರಣದ ಲಾಗ್ ಮರಳುಗಲ್ಲು ಯಾವುದು, ಶೇಲ್ (ಜೇಡಿಗಲ್ಲು) ಯಾವುದು ಎಂದು ತೋರಿಸುತ್ತದೆ. ವಿದ್ಯುತ್ ರೋಧ ಹೆಚ್ಚಿದ್ದರೆ ರಂಧ್ರಗಳಲ್ಲಿ ಉಪ್ಪುನೀರಿನ ಬದಲು ತೈಲವೋ ಅನಿಲವೋ ಇರಬಹುದು. ಸಾಂದ್ರತೆ ಮತ್ತು ನ್ಯೂಟ್ರಾನ್ ಲಾಗ್‌ಗಳ ಗೆರೆಗಳು ಒಂದನ್ನೊಂದು ದಾಟಿ ಅಗಲವಾದರೆ ಅನಿಲದ ಗುರುತು. ಬಳಿಕ ಪದರದ ಗೋಡೆಗೆ ಸಣ್ಣ ಕೊಳವೆ ಒತ್ತಿ ಒತ್ತಡ ಅಳೆಯುತ್ತಾರೆ. ನನ್ನ ಮಟ್ಟಿಗೆ ಇಡೀ ಸರಣಿಯಲ್ಲಿ ಅತಿ ಹೆಚ್ಚು ಸತ್ಯ ಹೇಳುವ ಅಳತೆ ಇದು. ಆಳ ಹೆಚ್ಚಿದಂತೆ ಒತ್ತಡ ಏರುವ ವೇಗ ನೀರಿನಲ್ಲಿ ಮೀಟರಿಗೆ ಸುಮಾರು 1.4 ಪಿಎಸ್‌ಐ, ತೈಲದಲ್ಲಿ ಸುಮಾರು 1.1, ಅನಿಲದಲ್ಲಿ 0.2-0.3 ಮಾತ್ರ. ನಾಲ್ಕೈದು ಆಳಗಳಲ್ಲಿ ಅಳೆದು ಗೆರೆ ಎಳೆದರೆ ಪದರದಲ್ಲಿ ಏನಿದೆ ಎಂಬುದರ ಜೊತೆಗೆ, ನೀರಿನ ಗೆರೆ ಎಲ್ಲಿ ಅಡ್ಡ ಬರುತ್ತದೆ, ಅಂದರೆ ತೈಲದ ತಳ ಎಲ್ಲಿ ಎಂಬುದೂ ತಿಳಿಯುತ್ತದೆ. ಕಲ್ಲು ತೀರಾ ಬಿಗಿಯಾಗಿದ್ದರೆ ಮಾತ್ರ ಈ ಅಳತೆ ಕೈಕೊಡುತ್ತದೆ.

ಕೊನೆಗೆ ಹರಿವಿನ ಪರೀಕ್ಷೆ. ಕೇಸಿಂಗ್ ಇಳಿಸಿ, ಸಿಮೆಂಟ್ ಹಾಕಿ, ಬೇಕಾದ ಆಳದಲ್ಲಿ ಸ್ಫೋಟಕದಿಂದ ತೂತು ಹೊಡೆದು, ಪದರ ತಾನಾಗಿ ಹರಿಯುತ್ತದೆಯೇ ಎಂದು ನೋಡುವುದು. ಬೋರ್‌ವೆಲ್ ಕೊರೆಸಿದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಕೊರೆದ ದಿನ ಮೂರಿಂಚು ನೀರು ಬಂತು ಎಂದು ಊರೆಲ್ಲ ಹೇಳಿದ ಬೋರು ಏಪ್ರಿಲ್‌ಗೆ ಗಾಳಿ ಉಗುಳುವುದುಂಟು. ಮೊದಲ ದಿನದ ಇಂಚು ಹೇಳುವುದು ಬಾಯಿಯ ಹತ್ತಿರದ ಕಲ್ಲಿನ ಕಥೆ. ಹಿಂದೆ ಎಷ್ಟು ಸಂಗ್ರಹವಿದೆ ಎಂಬುದನ್ನು ಅದು ಹೇಳಲಾರದು. ತೈಲ ಬಾವಿಯಲ್ಲೂ ಹಾಗೆಯೇ. ಹರಿವನ್ನು ಚೋಕ್ ಎಂಬ ಕಿರಿದಾದ ಬಾಯಿಯ ಮೂಲಕ ಬಿಡುತ್ತಾರೆ, ಅದರ ಅಳತೆ ಇಂಚಿನ 64ರಲ್ಲಿ ಇಷ್ಟು ಭಾಗ ಎಂದು. 32/64 ಅಂದರೆ ಅರ್ಧ ಇಂಚು. ಅದೇ ಬಾವಿ ಅರ್ಧ ಇಂಚಿಗೆ ಒಂದು ಸಂಖ್ಯೆ, ಮುಕ್ಕಾಲು ಇಂಚಿಗೆ ಅದಕ್ಕಿಂತ ಬಹಳ ದೊಡ್ಡ ಸಂಖ್ಯೆ ಕೊಡುತ್ತದೆ. ಹೀಗಾಗಿ ಚೋಕ್ ಎಷ್ಟು, ಬಾವಿಯ ಬಾಯಿಯಲ್ಲಿ ಒತ್ತಡ ಎಷ್ಟಿತ್ತು, ಎಷ್ಟು ಗಂಟೆ ಹರಿಯಿತು ಎಂಬ ಮೂರನ್ನೂ ಹೇಳದೆ "ದಿನಕ್ಕೆ 2,000 ಬ್ಯಾರೆಲ್" ಎಂದರೆ ಆ ಮಾತಿಗೆ ತೂಕವಿಲ್ಲ.

ಹರಿಸಿದ ಮೇಲೆ ಬಾವಿಯನ್ನು ಮುಚ್ಚಿ, ಕೆಳಗೆ ಇಳಿಬಿಟ್ಟ ಮಾಪಕದಲ್ಲಿ ಒತ್ತಡ ಮತ್ತೆ ಏರುವುದನ್ನು ಕಾಯುತ್ತಾರೆ. ಮೊದಲಿದ್ದ ಮಟ್ಟಕ್ಕೆ ಮರಳಿದರೆ ಒಳ್ಳೆಯ ಲಕ್ಷಣ. ಸ್ವಲ್ಪವೇ ಹರಿಸಿದ ಮೇಲೂ ಹಳೆಯ ಮಟ್ಟ ತಲುಪದೆ ಕೆಳಗೇ ನಿಂತರೆ, ಪದರ ಒಂದು ಸಣ್ಣ ತೊಟ್ಟಿ, ಆಗಲೇ ಖಾಲಿಯಾಗತೊಡಗಿದೆ ಎಂದರ್ಥ. ಇದಕ್ಕೆ ವಿರುದ್ಧದ ಮೋಸವೂ ಇದೆ. ಮಡ್ ತುಂಬಾ ಭಾರವಾಗಿದ್ದರೆ ಅದರ ನೀರು ಮತ್ತು ಜೇಡಿ ಪದರದೊಳಗೆ ನುಗ್ಗಿ ರಂಧ್ರ ಕಟ್ಟಿಬಿಡುತ್ತದೆ; ಒಳ್ಳೆಯ ಪದರವೇ ಪರೀಕ್ಷೆಯಲ್ಲಿ ಸತ್ತಂತೆ ಕಾಣುತ್ತದೆ. ಹಗುರ ಮಾಡಲು ಹೋದರೆ ಅನಿಲ ಬಾವಿಯೊಳಗೆ ನುಗ್ಗುವ ಅಪಾಯ. ಆಮ್ಲ ಹಾಕಿ ತೊಳೆದು ಮತ್ತೆ ಪರೀಕ್ಷಿಸುವುದು ಈ ಕಾರಣಕ್ಕೇ.

ಒಂದು ನಿಜವಾದ ಘೋಷಣೆಯನ್ನು ಹೀಗೆ ಓದಿ ನೋಡೋಣ. 2025ರ ಸೆಪ್ಟೆಂಬರ್‌ನಲ್ಲಿ ಅಂಡಮಾನ್ ಸಮುದ್ರದ ಶ್ರೀ ವಿಜಯಪುರಂ-2 ಬಾವಿಯಲ್ಲಿ ಅನಿಲ ಸಿಕ್ಕಿತೆಂದು ಪ್ರಕಟವಾಯಿತು. ಕೊರೆದದ್ದು ಆಯಿಲ್ ಇಂಡಿಯಾ. ದಡದಿಂದ 17 ಕಿ.ಮೀ., ನೀರಿನ ಆಳ 295 ಮೀಟರ್, ಬಾವಿಯ ಗುರಿ ಆಳ 2,650 ಮೀಟರ್. 2,212ರಿಂದ 2,250 ಮೀಟರ್ ನಡುವೆ ಪರೀಕ್ಷಿಸಿದಾಗ ಅನಿಲ ಬಿಟ್ಟು ಬಿಟ್ಟು ಉರಿಯಿತು. ಮಾದರಿಯಲ್ಲಿ ಶೇ 87 ಮೀಥೇನ್. ಇದರಲ್ಲಿ ಗಟ್ಟಿಯಾದದ್ದು ಏನು? ಅಂಡಮಾನ್ ಜಲಾನಯನದಲ್ಲಿ (ಪದರಶಿಲೆ ತುಂಬಿದ ತಗ್ಗಿನಲ್ಲಿ) ಅನಿಲ ಹುಟ್ಟಿದೆ, ಹರಿದು ಬಂದು ಒಂದು ಕಡೆ ನಿಂತಿದೆ. ಶೋಧಕರಿಗೆ ಇದು ದೊಡ್ಡ ಮಾತು, ಏಕೆಂದರೆ ಮಯನ್ಮಾರ್‌ನಿಂದ ಉತ್ತರ ಸುಮಾತ್ರಾವರೆಗಿನ ಪಟ್ಟಿಯಲ್ಲಿ ಅನಿಲ ಕ್ಷೇತ್ರಗಳಿವೆ, ನಡುವಿನ ನಮ್ಮ ಭಾಗದಲ್ಲೂ ಅದೇ ಯಂತ್ರ ಕೆಲಸ ಮಾಡಿದೆಯೇ ಎಂಬುದೇ ಪ್ರಶ್ನೆಯಾಗಿತ್ತು. "ಬಿಟ್ಟು ಬಿಟ್ಟು" ಎಂಬ ಮಾತನ್ನೂ ಅಷ್ಟೇ ಗಮನವಿಟ್ಟು ಓದಬೇಕು. ನಿರಂತರ ಹರಿವು ಇಲ್ಲ, ದಿನಕ್ಕೆ ಇಷ್ಟು ಘನಮೀಟರ್ ಎಂಬ ಸಂಖ್ಯೆಯೂ ಆ ಘೋಷಣೆಯಲ್ಲಿಲ್ಲ. ವಾರ್ಷಿಕ ಪಟ್ಟಿಯಲ್ಲಿ ಇದೂ ಒಂದು ಶೋಧ, ಆಗಲೇ ಪೈಪಿಗೆ ಜೋಡಿಸಿದ ಒಂದು ಪೂಲ್ ಕೂಡ ಒಂದು ಶೋಧ. ಒಂದು ಜೊತೆ ಒಂದು ಕೂಡಿಸಿದರೆ ಎರಡು ಬರುತ್ತದೆ, ಆದರೆ ಎರಡು ಏನು?

ಪ್ರಮಾಣದ ಲೆಕ್ಕವನ್ನು ನೀವೇ ಮಾಡಬಹುದು, ಕಷ್ಟವಿಲ್ಲ. ನಿಕ್ಷೇಪದ ವಿಸ್ತಾರ 4 ಚದರ ಕಿ.ಮೀ., ತೈಲ ತುಂಬಿದ ಮರಳುಗಲ್ಲಿನ ದಪ್ಪ 15 ಮೀಟರ್ ಎಂದುಕೊಳ್ಳಿ. ಕಲ್ಲಿನ ಗಾತ್ರ 6 ಕೋಟಿ ಘನಮೀಟರ್. ರಂಧ್ರಗಳು ಶೇ 20 ಆದರೆ 1.2 ಕೋಟಿ. ಅದರಲ್ಲಿ ಶೇ 30 ನೀರು, ಉಳಿದದ್ದು ತೈಲ: 84 ಲಕ್ಷ. ಮೇಲೆ ಬಂದಾಗ ಕರಗಿದ ಅನಿಲ ಹೊರಟು ತೈಲ ಕುಗ್ಗುತ್ತದೆ, 1.25ರಿಂದ ಭಾಗಿಸಿದರೆ 67 ಲಕ್ಷ ಘನಮೀಟರ್. ಘನಮೀಟರಿಗೆ 6.29 ಬ್ಯಾರೆಲ್‌ನಂತೆ ಸುಮಾರು 4.2 ಕೋಟಿ ಬ್ಯಾರೆಲ್. ಸುದ್ದಿಯಲ್ಲಿ ಬರುವುದು ಬಹುಪಾಲು ಈ ಸಂಖ್ಯೆ. ಆದರೆ ಕಲ್ಲಿನೊಳಗಿನ ತೈಲವೆಲ್ಲ ಹೊರಗೆ ಬರುವುದಿಲ್ಲ. ಶೇ 30 ತೆಗೆಯಲಾದರೆ 1.27 ಕೋಟಿ ಬ್ಯಾರೆಲ್. ಭಾರತ ದಿನಕ್ಕೆ ಸುಮಾರು 55 ಲಕ್ಷ ಬ್ಯಾರೆಲ್ ಬಳಸುತ್ತದೆ. ಅಂದರೆ ಈ ಇಡೀ ಶೋಧ ದೇಶಕ್ಕೆ ಎರಡೂಕಾಲು ದಿನದ ತೈಲ, ಅದೂ ಹತ್ತು-ಹದಿನೈದು ವರ್ಷಗಳಲ್ಲಿ ಹಂಚಿ ಬರುವಂಥದ್ದು. ಕಂಪನಿಗೆ ಇದು ಲಾಭದ ಬಾವಿ, ನಡೆಸಲೇಬೇಕಾದ ಕೆಲಸ. ಆಮದಿನ ಅಂಕಿಯಲ್ಲಿ ಮಾತ್ರ ಅದು ಕಾಣಿಸದು.

ಈ ಲೆಕ್ಕದಲ್ಲಿ ಒಂದೇ ಬಾವಿಯಿಂದ ನಿಶ್ಚಿತವಾಗಿ ಗೊತ್ತಾಗುವುದು ದಪ್ಪ ಮತ್ತು ರಂಧ್ರಗಳು, ಅದೂ ಆ ಬಿಂದುವಿನಲ್ಲಿ. ವಿಸ್ತಾರ ಮಾತ್ರ ನೆಲದೊಳಗೆ ಅಲೆ ಕಳಿಸಿ ಪ್ರತಿಧ್ವನಿ ಅಳೆಯುವ ಭೂಕಂಪನ ಸಮೀಕ್ಷೆಯ ಅಂದಾಜು. ಎರಡು ಚದರ ಕಿ.ಮೀ. ಆಗಬಹುದು, ಎಂಟೂ ಆಗಬಹುದು. ಆದ್ದರಿಂದಲೇ ಸಂಖ್ಯೆಯನ್ನು ಮೂರು ಬಗೆಯಲ್ಲಿ ಹೇಳುವ ರೂಢಿ: 1ಪಿ ಅಂದರೆ ಅಷ್ಟಾದರೂ ಸಿಗುವ ಸಾಧ್ಯತೆ ಶೇ 90, 2ಪಿಗೆ ಶೇ 50, 3ಪಿಗೆ ಶೇ 10. ಇದಕ್ಕಿಂತ ಮುಖ್ಯವಾದ ಗೆರೆ ಇನ್ನೊಂದಿದೆ. ಈ ಮೂರೂ ಮೀಸಲು ಎನಿಸಿಕೊಳ್ಳಬೇಕಾದರೆ ಅಭಿವೃದ್ಧಿ ಯೋಜನೆ ಇರಬೇಕು, ಇಂದಿನ ಬೆಲೆಗೆ ತೆಗೆಯಲು ಗಿಟ್ಟಬೇಕು. ಪತ್ತೆಯಾಗಿ ಯೋಜನೆ ಇಲ್ಲದ್ದು ಬರೀ ಸಂಭಾವ್ಯ ಸಂಪನ್ಮೂಲ. ಹೊಸ ಶೋಧಗಳೆಲ್ಲ ಮೊದಲು ಬೀಳುವುದು ಆ ಡಬ್ಬಿಗೇ.

"ಕಲ್ಲಿನೊಳಗಿದೆ" ಎಂಬುದನ್ನು "ನಮ್ಮ ಕೈಗೆ ಬಂತು" ಎಂದು ಓದಿದರೆ ಏನಾಗುತ್ತದೆ ಎಂಬುದಕ್ಕೆ ಕೃಷ್ಣಾ-ಗೋದಾವರಿ ಕಡಲು ಎರಡು ಪಾಠ ಕೊಟ್ಟಿದೆ. 2005ರ ಜೂನ್‌ನಲ್ಲಿ ಗುಜರಾತ್ ಸರ್ಕಾರದ ಜಿಎಸ್‌ಪಿಸಿ ಕೊರೆದ ಬಾವಿಯ ಆಧಾರದ ಮೇಲೆ 20 ಟ್ರಿಲಿಯನ್ ಘನ ಅಡಿ ಅನಿಲ ಎಂದು ಘೋಷಣೆಯಾಯಿತು. ಹೆಚ್ಚು ಬಾವಿ ಕೊರೆದು ಅಭಿವೃದ್ಧಿ ಯೋಜನೆ ಬರೆಯುವ ಹೊತ್ತಿಗೆ ದೀನದಯಾಳ್ ಕ್ಷೇತ್ರದ ಅಂದಾಜು ಸುಮಾರು 2 ಟ್ರಿಲಿಯನ್‌ಗೆ ಇಳಿದಿತ್ತು. ಸುಮಾರು ಐದು ಕಿ.ಮೀ. ಆಳ, ವಿಪರೀತ ಒತ್ತಡ ಮತ್ತು ಶಾಖ, ಜೊತೆಗೆ ಅನಿಲ ಹರಿಯಲು ಬಿಡದಷ್ಟು ಬಿಗಿಯಾದ ಕಲ್ಲು. 2017ರಲ್ಲಿ ಆ ಬ್ಲಾಕ್‌ನ (ಕೊರೆಯಲು ಹಂಚಿಕೊಟ್ಟ ಪ್ರದೇಶದ) ಶೇ 80 ಪಾಲನ್ನು ಒಎನ್‌ಜಿಸಿ ಕೊಂಡಿತು. ಇನ್ನೊಂದು ರಿಲಯನ್ಸ್‌ನ ಡಿ6 ಬ್ಲಾಕ್. ಅಲ್ಲಿ 2002ರಲ್ಲಿ ಅನಿಲ ಸಿಕ್ಕಿತು, 2009ರ ಏಪ್ರಿಲ್‌ನಲ್ಲಿ ಉತ್ಪಾದನೆ ಶುರು. ದಿನಕ್ಕೆ 8 ಕೋಟಿ ಘನಮೀಟರ್ ಯೋಜನೆಯಿತ್ತು. 2010ರಲ್ಲಿ 6 ಕೋಟಿ ದಾಟಿತು, ಅಲ್ಲಿಂದ ಇಳಿಯಿತು. ಬಾವಿಗಳಿಗೆ ನೀರು, ಮರಳು ನುಗ್ಗಿದವು, ಒತ್ತಡ ಎಣಿಸಿದ್ದಕ್ಕಿಂತ ಬೇಗ ಕುಸಿಯಿತು. ಡಿ1-ಡಿ3 ಕ್ಷೇತ್ರಗಳು 2020ರ ಫೆಬ್ರುವರಿಯಲ್ಲಿ ಮುಚ್ಚಿದವು. ಇಲ್ಲಿ ಅನಿಲ ಇದ್ದದ್ದು ನಿಜ, ಹರಿದದ್ದೂ ನಿಜ. ಒಂದಕ್ಕೊಂದು ತಾಕಿಕೊಂಡಿವೆ ಎಂದುಕೊಂಡ ಹಳೆಯ ನದೀಪಾತ್ರದಂಥ ಮರಳಿನ ಪಟ್ಟಿಗಳು ಎಷ್ಟರಮಟ್ಟಿಗೆ ಒಂದಾಗಿವೆ ಎಂಬುದೇ ಅಂದಾಜಿಗೆ ಸಿಗದೆ ಹೋದ ವಿಷಯ.

ಒಣ ಬಾವಿಗಳ ಬಗ್ಗೆ ಯಾರೂ ಪತ್ರಿಕಾ ಹೇಳಿಕೆ ಕೊಡುವುದಿಲ್ಲ, ಆದರೆ ಕಲಿಯಲು ಸಿಗುವುದು ಅಲ್ಲೇ. ತೈಲ ನಿಲ್ಲಬೇಕಾದರೆ ಜೀವಿಗಳ ಅವಶೇಷ ತುಂಬಿ ಬೆಂದ ಮೂಲಶಿಲೆ, ಅಲ್ಲಿಂದ ಹರಿದು ಬರುವ ದಾರಿ, ರಂಧ್ರಗಳಿರುವ ಕಲ್ಲು, ಮೇಲೆ ಸೋರದ ಮುಚ್ಚಳ, ಎಲ್ಲವನ್ನೂ ಹಿಡಿಯುವ ಬೋಗುಣಿ ಕವುಚಿದಂಥ ರಚನೆ ಇಷ್ಟೂ ಬೇಕು. ರಚನೆ ತೈಲ ಹರಿಯುವ ಮೊದಲೇ ಆಗಿರಬೇಕು. ಇವನ್ನು ನಾಲ್ಕು ಗುಂಪು ಮಾಡಿ 0.7, 0.6, 0.8, 0.7 ಎಂದು ಸಾಧ್ಯತೆ ಕೊಟ್ಟರೆ, ಪ್ರತಿಯೊಂದೂ ಪರವಾಗಿಲ್ಲ ಅನ್ನಿಸುತ್ತದೆ. ಗುಣಿಸಿದರೆ 0.24. ನಾಲ್ಕರಲ್ಲಿ ಮೂರು ಸಲ ಒಣ ಬಾವಿ. ಅಲಾಸ್ಕಾದ ಕಡಲಲ್ಲಿ 1983ರ ಮಕ್ಲಕ್ ಬಾವಿ ಇದಕ್ಕೆ ಹೆಸರುವಾಸಿ: ಜಾಗದ ಹರಾಜು ಸೇರಿ ನೂರು ಕೋಟಿ ಡಾಲರ್ ಮೀರಿ ಸುರಿದು ಕೊರೆದಾಗ ಸಿಕ್ಕಿದ್ದು ತೈಲದ ಕಲೆ ಮತ್ತು ನೀರು. ತೈಲ ಒಂದು ಕಾಲಕ್ಕೆ ಅಲ್ಲಿದ್ದು, ಸೋರಿಹೋಗಿತ್ತು. ಹಾಗಾಗಿ ಒಂದು ವರ್ಷದ ಫಲಿತಾಂಶದಲ್ಲಿ ಎಷ್ಟು ಬಾವಿ ಒಣಗಿದವು ಎಂದಷ್ಟೇ ಕೇಳಿದರೆ ಸಾಲದು. ಏಕೆ ಒಣಗಿದವು ಎಂದು ಕೇಳಬೇಕು. ಮುಚ್ಚಳ ಸೋರಿದ್ದರೆ ಪಕ್ಕದ ರಚನೆಗೆ ಇನ್ನೂ ಅವಕಾಶವಿದೆ. ಮೂಲಶಿಲೆಯೇ ಇಲ್ಲ ಎಂದಾದರೆ ಇಡೀ ಪ್ರದೇಶದ ಆಸೆ ಕೈಬಿಡಬೇಕಾಗುತ್ತದೆ.

ವಾರ್ಷಿಕ ಫಲಿತಾಂಶ ಪ್ರಕಟಿಸುವುದು ಹೇಗೆ ಎಂದು ನೋಡಲು ನಾರ್ವೆಯ ವರದಿ ಓದಿ. ಅಲ್ಲಿನ ಕಡಲ ಸಂಪನ್ಮೂಲ ನಿರ್ದೇಶನಾಲಯ ಪ್ರತಿ ಜನವರಿಯಲ್ಲಿ ಹಿಂದಿನ ವರ್ಷದ ಲೆಕ್ಕ ಇಡುತ್ತದೆ. 2023ರಲ್ಲಿ 34 ಶೋಧ ಬಾವಿ, 14 ಶೋಧ; 2024ರಲ್ಲಿ 42 ಬಾವಿ, 16 ಶೋಧ. ಕಂಪನಿಗಳ ಒಟ್ಟು ಮಾತಿನ ಬದಲು ಪ್ರತಿ ಬಾವಿಗೂ ಪ್ರತ್ಯೇಕ ಟಿಪ್ಪಣಿ ಬರುತ್ತದೆ, ಒಣ ಬಾವಿಗೂ ಸೇರಿ: ಎಷ್ಟು ಮೀಟರ್ ಕಲ್ಲು ಸಿಕ್ಕಿತು, ಅದರ ಗುಣಮಟ್ಟ ಹೇಗಿತ್ತು, ನೀರಿತ್ತೇ, ಪ್ರಮಾಣ ಇಷ್ಟರಿಂದ ಇಷ್ಟು. ಹೊಸ ರಚನೆಯ ಬಾವಿ ಬೇರೆ, ಮೌಲ್ಯಮಾಪನ ಬಾವಿ ಬೇರೆ ಎಂದು ಎಣಿಸುತ್ತಾರೆ. ಎರಡು ವರ್ಷ ಕಳೆದರೆ ಬಾವಿಯ ಮೂಲ ದತ್ತಾಂಶ ಎಲ್ಲರಿಗೂ ಮುಕ್ತ. ಬಾವಿಯ ಹೆಸರೇ ವಿಳಾಸ: 16/2-6 ಅಂದರೆ 16ನೇ ಚೌಕದ 2ನೇ ಬ್ಲಾಕ್‌ನ ಆರನೇ ಶೋಧ ಬಾವಿ. 2010ರಲ್ಲಿ ಕೊರೆದ ಅದೇ ಬಾವಿ ಯೋಹಾನ್ ಸ್ವೆರ್ಡ್ರುಪ್ ಕ್ಷೇತ್ರವನ್ನು ತೆರೆಯಿತು, ಸುಮಾರು 270 ಕೋಟಿ ಬ್ಯಾರೆಲ್. ದಶಕಗಳಿಂದ ಕೊರೆಯುತ್ತಿದ್ದ ಹಳೆಯ ಪ್ರದೇಶದ ನಡುವೆಯೇ ಅದು ಅಡಗಿತ್ತು. ಆ ಒಂದು ಶೋಧ ಹತ್ತಾರು ವರ್ಷಗಳ ಸಣ್ಣ ಶೋಧಗಳನ್ನೆಲ್ಲ ಕೂಡಿಸಿದರೂ ಮೀರುವಂಥದ್ದು. ಪಟ್ಟಿಯಲ್ಲಿ ಅದರ ಲೆಕ್ಕವೂ ಒಂದೇ.

ಹೋಲಿಸುವಾಗ ಅಳತೆಯ ಗೊಂದಲಕ್ಕೆ ಸಿಲುಕಬೇಡಿ. ನಾರ್ವೆಯದು ಕ್ಯಾಲೆಂಡರ್ ವರ್ಷ, ನಮ್ಮದು ಏಪ್ರಿಲ್‌ನಿಂದ ಮಾರ್ಚ್. ಅವರು ಘನಮೀಟರ್ ಬಳಸುತ್ತಾರೆ, ಸಾವಿರ ಘನಮೀಟರ್ ಅನಿಲವನ್ನು ಒಂದು ಘನಮೀಟರ್ ತೈಲಕ್ಕೆ ಸಮ ಎಂದು ಹಿಡಿಯುತ್ತಾರೆ. ನಾವು ಟನ್ ಬಳಸುತ್ತೇವೆ, ನೂರು ಕೋಟಿ ಘನಮೀಟರ್ ಅನಿಲಕ್ಕೆ ಹತ್ತು ಲಕ್ಷ ಟನ್ ತೈಲ. ಟನ್ನಿಗೆ ಸರಾಸರಿ 7.33 ಬ್ಯಾರೆಲ್. ಫೆಬ್ರುವರಿಯಲ್ಲಿ ಕೊರೆಯಲು ಶುರುಮಾಡಿ ಮೇ ತಿಂಗಳಲ್ಲಿ ಪರೀಕ್ಷಿಸಿದ ಬಾವಿ ಒಂದು ವರ್ಷದ ಕೊರೆತದಲ್ಲಿ, ಇನ್ನೊಂದು ವರ್ಷದ ಶೋಧದಲ್ಲಿ ಬರುತ್ತದೆ. ಒಂದು ವರ್ಷದ ಏರಿಳಿತಕ್ಕೆ ಅರ್ಥ ಹುಡುಕುವುದಕ್ಕಿಂತ ಐದು ವರ್ಷದ ಸರಾಸರಿ ನೋಡುವುದು ಲೇಸು.

ಕಾಲದ ಅಂತರಕ್ಕೆ ಬರೋಣ, ನಿಮ್ಮ "ಎಲ್ಲಿಗೆ ಹೋಗುತ್ತವೆ" ಎಂಬ ಪ್ರಶ್ನೆಗೆ ಅರ್ಧ ಉತ್ತರ ಇದರಲ್ಲಿದೆ. ಮುಂಬೈ ಆಚೆಯ ಕಡಲಿನ ಬಾಂಬೆ ಹೈ ಕ್ಷೇತ್ರ 1974ರ ಫೆಬ್ರುವರಿಯಲ್ಲಿ ಸಾಗರ್ ಸಮ್ರಾಟ್ ರಿಗ್‌ಗೆ ಸಿಕ್ಕಿತು, 1976ರ ಮೇ ತಿಂಗಳಲ್ಲಿ ತೈಲ ಹರಿಯಿತು: ಎರಡೂಕಾಲು ವರ್ಷ. ನೀರಿನ ಆಳ ಸುಮಾರು 75 ಮೀಟರ್ ಮಾತ್ರ, ನಿಕ್ಷೇಪ ದೊಡ್ಡದು, ದೇಶಕ್ಕೆ ತುರ್ತು. ರಾಜಸ್ಥಾನದ ಮಂಗಲಾ 2004ರ ಜನವರಿಯಲ್ಲಿ ಸಿಕ್ಕಿ 2009ರ ಆಗಸ್ಟ್‌ನಲ್ಲಿ ಹರಿಯಿತು. ಅಲ್ಲಿನ ತೈಲ ಮೇಣದಂತೆ ಗಟ್ಟಿಯಾಗುವುದರಿಂದ ಉದ್ದಕ್ಕೂ ಬಿಸಿ ಮಾಡುವ ಪೈಪ್‌ಲೈನ್ ಹಾಕಬೇಕಾಯಿತು. ಕೃಷ್ಣಾ-ಗೋದಾವರಿ ಆಳಸಮುದ್ರದ 98/2 ಬ್ಲಾಕ್‌ನಲ್ಲಿ 2000ರ ದಶಕದಲ್ಲೇ ಶೋಧಗಳಾಗಿದ್ದವು. ಅಭಿವೃದ್ಧಿ ಯೋಜನೆಗೆ ಒಪ್ಪಿಗೆ 2016ರಲ್ಲಿ, ಮೊದಲ ತೈಲ 2024ರ ಜನವರಿಯಲ್ಲಿ. ಗಯಾನಾ ದೇಶದ ಲೀಸಾ ಕ್ಷೇತ್ರ 2015ರಲ್ಲಿ ಸಿಕ್ಕಿ 2019ರಲ್ಲೇ ಹರಿಯಿತು, ಆಳಸಮುದ್ರದಲ್ಲೂ ನಾಲ್ಕೂವರೆ ವರ್ಷ ಸಾಕು ಎಂದು ತೋರಿಸಿತು. ನಮ್ಮಲ್ಲಿ ಬೆಲೆ ನೀತಿ, ಅನುಮತಿ, ಗುತ್ತಿಗೆ, ಉಪಕರಣ ತಯಾರಿ ಎಲ್ಲ ಸೇರಿ ಅದು ದುಪ್ಪಟ್ಟು, ಮುಪ್ಪಟ್ಟು ಆಗಿದೆ. ಕೊರೆತಕ್ಕಿಂತ ಈ ನಡುವಿನ ವರ್ಷಗಳಲ್ಲೇ ನಾವು ಹೆಚ್ಚು ಕಳೆದುಕೊಂಡಿದ್ದೇವೆ ಎಂಬುದು ನನ್ನ ದೃಢ ಅಭಿಪ್ರಾಯ.

ಉಳಿದರ್ಧ ಹಳೆಯ ಕ್ಷೇತ್ರಗಳ ಇಳಿಕೆ. ದೇಶದ ಕಚ್ಚಾತೈಲ ಉತ್ಪಾದನೆ 2011-12ರಲ್ಲಿ ಸುಮಾರು 3.81 ಕೋಟಿ ಟನ್ ಇತ್ತು, 2023-24ರಲ್ಲಿ 2.94 ಕೋಟಿ ಟನ್. ಇದೇ ಕಾಲದಲ್ಲಿ ಬಳಕೆ ಏರುತ್ತ 23 ಕೋಟಿ ಟನ್ ಮೀರಿತು, ಆಮದಿನ ಅವಲಂಬನೆ ಸುಮಾರು ಶೇ 88ಕ್ಕೆ ಬಂತು. ಬಾಂಬೆ ಹೈ ಐವತ್ತು ವರ್ಷ ಹರಿದ ಕ್ಷೇತ್ರ. ಮೇಲೆ ಬರುವುದರಲ್ಲಿ ನೀರಿನ ಪಾಲು ಹೆಚ್ಚುತ್ತಲೇ ಇದೆ. ಆ 438 ಅಭಿವೃದ್ಧಿ ಬಾವಿಗಳು ಬೀಳುವ ಗೋಡೆಗೆ ಕೊಟ್ಟ ಆನಿಕೆ. ಅವಿಲ್ಲದಿದ್ದರೆ ಉತ್ಪಾದನೆ ಇನ್ನೂ ವೇಗವಾಗಿ ಕುಸಿಯುತ್ತಿತ್ತು.

ವಾರ್ಷಿಕ ವರದಿ ಕೈಗೆ ಸಿಕ್ಕರೆ ಎರಡು ಜಾಗ ತೆರೆದು ನೋಡಿ. ಮೊದಲನೆಯದು ಮೀಸಲು ಮರುಪೂರಣದ ಅನುಪಾತ: ವರ್ಷದಲ್ಲಿ ಸೇರಿದ್ದನ್ನು ತೆಗೆದದ್ದರಿಂದ ಭಾಗಿಸಿದ್ದು. ಒಂದಕ್ಕಿಂತ ಮೇಲಿದ್ದರೆ ಖರ್ಚಾದಷ್ಟಕ್ಕಿಂತ ಹೆಚ್ಚು ಸೇರಿತು. ಆದರೆ ಹಳೆಯ ಕ್ಷೇತ್ರದ ಅಂದಾಜನ್ನು ಮೇಲಕ್ಕೆ ತಿದ್ದಿದ್ದೂ ಇದರಲ್ಲಿ ಸೇರುತ್ತದೆ. ಹೊಸ ಶೋಧದಿಂದ ಎಷ್ಟು, ಮರು ಅಂದಾಜಿನಿಂದ ಎಷ್ಟು ಎಂದು ಬೇರೆ ಮಾಡಿ ಕೊಟ್ಟಿದ್ದರೆ ಮಾತ್ರ ಅದಕ್ಕೆ ಬೆಲೆ. ಎರಡನೆಯದು ಲೆಕ್ಕಪತ್ರದ ಟಿಪ್ಪಣಿಗಳಲ್ಲಿ ಶೋಧ ಬಾವಿಗಳ ವೆಚ್ಚ ವಜಾ ಮಾಡಿದ ಸಾಲು. ಒಎನ್‌ಜಿಸಿಯ ಪದ್ಧತಿಯಲ್ಲಿ ಒಣ ಬಾವಿಯ ಖರ್ಚು ಲಾಭದಿಂದ ಕಳೆಯುತ್ತದೆ. ಕೊರೆತ ಮುಗಿದು ಎರಡು ವರ್ಷ ದಾಟಿದ, ದೃಢಪಟ್ಟ ಮೀಸಲೂ ಅಭಿವೃದ್ಧಿ ಯೋಜನೆಯೂ ಇಲ್ಲದ ಬಾವಿಗಳನ್ನೂ ಸಾಮಾನ್ಯವಾಗಿ ಕಳೆಯಬೇಕು. ಆಳಸಮುದ್ರದ ರಿಗ್ ಹಡಗಿನ ದಿನದ ಬಾಡಿಗೆಯೇ 4 ಲಕ್ಷ ಡಾಲರ್ ಆಸುಪಾಸು ಇರುವಾಗ ಆ ಸಾಲು ಚಿಕ್ಕದಿರುವುದಿಲ್ಲ. ಒಂದು ವರ್ಷ ಅದು ದೊಡ್ಡದಾಗಿದ್ದರೆ ತಕ್ಷಣ ಬೈಯಬೇಡಿ. ಹೊಸ ಜಾಗದಲ್ಲಿ ಧೈರ್ಯ ಮಾಡಿ ಕೊರೆದಿರಬಹುದು. ಒಣ ಬಾವಿಗಳೇ ಇಲ್ಲದ ವರ್ಷ ನನಗೆ ಹೆಚ್ಚು ಕಳವಳ ತರುತ್ತದೆ. ಗೊತ್ತಿರುವ ಕ್ಷೇತ್ರದ ನೆರಳಲ್ಲೇ ಕೊರೆದಿದ್ದಾರೆ ಎಂದರ್ಥ.

ಕೊನೆಯದಾಗಿ ಕರ್ನಾಟಕ. ರಾಜ್ಯದ ಬಹುಭಾಗ 250 ಕೋಟಿ ವರ್ಷಕ್ಕೂ ಹಳೆಯ ಗ್ರಾನೈಟ್ ಮತ್ತು ಪಟ್ಟೆ ಪಟ್ಟೆಯ ನೈಸ್ ಎಂಬ ಕಲ್ಲು. ಮೂಲಶಿಲೆಯೂ ಇಲ್ಲ, ತೈಲ ನಿಲ್ಲುವ ರಂಧ್ರಗಳೂ ಇಲ್ಲ. ಉತ್ತರದಲ್ಲಿ ದಖನ್ನಿನ ಬಸಾಲ್ಟ್. ನಿಜವಾದ ಪದರಶಿಲೆ ಇರುವುದು ಬಾಗಲಕೋಟೆ-ಬೆಳಗಾವಿ ಕಡೆಯ ಕಲಾದಗಿ ಜಲಾನಯನದಲ್ಲಿ ಮತ್ತು ಕಲಬುರಗಿ-ಯಾದಗಿರಿಯ ಭೀಮಾ ಜಲಾನಯನದಲ್ಲಿ. ಮನೆಗೆ ಹಾಸುವ ಶಹಾಬಾದ್ ಕಲ್ಲು ಭೀಮಾ ಜಲಾನಯನದ್ದೇ ಸುಣ್ಣಕಲ್ಲು. ದೇಶದ 26 ಜಲಾನಯನಗಳ ಪಟ್ಟಿಯಲ್ಲಿ ಇವೆರಡನ್ನೂ ಒಂದಾಗಿಸಿ ಮೂರನೇ ದರ್ಜೆಯಲ್ಲಿ ಇಟ್ಟಿದ್ದಾರೆ, ಅಂದರೆ ಇನ್ನೂ ಪತ್ತೆಯಾಗಿಲ್ಲ, ಸಾಧ್ಯತೆ ಮಾತ್ರ. ನೆಲದ ಮೇಲೆ ಗಿಡಮರ ಹುಟ್ಟುವುದಕ್ಕೂ ಬಹಳ ಮೊದಲಿನ ಕಲ್ಲು ಅವು. ಅಷ್ಟು ಹಳೆಯ ಶಿಲೆಯಿಂದಲೂ ಓಮಾನ್, ಸೈಬೀರಿಯಾಗಳಲ್ಲಿ ತೈಲ ಬಂದಿದೆ, ಆದ್ದರಿಂದ ಸಾಧ್ಯವೇ ಇಲ್ಲ ಎನ್ನಲಾಗದು. ಆದರೆ ಅಲ್ಲಿ ದಪ್ಪ ಉಪ್ಪಿನ ಪದರ ಮುಚ್ಚಳವಾಗಿ ಉಳಿದಿತ್ತು. ಕಲಾದಗಿ, ಭೀಮಾಗಳಲ್ಲಿ ಅಂಥದ್ದಿಲ್ಲ. ಕರಾವಳಿಯಾಚೆಯ ಕೇರಳ-ಕೊಂಕಣ ಜಲಾನಯನವೂ ಮೂರನೇ ದರ್ಜೆಯದೇ. ಕೆಲವು ಬಾವಿ ಕೊರೆದಿದ್ದಾರೆ, ಉತ್ಪಾದನೆಗೆ ಯೋಗ್ಯವಾದದ್ದು ಸಿಕ್ಕಿಲ್ಲ. ಅಲ್ಲಿ ಬಸಾಲ್ಟ್ ಪದರ ಭೂಕಂಪನದ ಅಲೆಗಳನ್ನು ಚದುರಿಸುವುದರಿಂದ ಅದರ ಕೆಳಗಿನ ಚಿತ್ರವೇ ಮಸುಕು.

ಆ ಗಟ್ಟಿ ಕಲ್ಲು ಬೇರೊಂದು ಕೆಲಸಕ್ಕೆ ಬಂದಿದೆ. ಮಂಗಳೂರು ಮತ್ತು ಪಾದೂರಿನಲ್ಲಿ ಬಂಡೆಯನ್ನೇ ಕೊರೆದು ಮಾಡಿದ ಗುಹೆಗಳಲ್ಲಿ ತುರ್ತಿಗಾಗಿ 15 ಲಕ್ಷ ಮತ್ತು 25 ಲಕ್ಷ ಟನ್ ಕಚ್ಚಾತೈಲ ಸಂಗ್ರಹಿಸಬಹುದು. ಗುಹೆಗೆ ಉಕ್ಕಿನ ಒಳಪದರ ಇಲ್ಲ. ಸುತ್ತಲಿನ ಬಂಡೆಯ ಬಿರುಕುಗಳಲ್ಲಿ ಅಂತರ್ಜಲದ ಒತ್ತಡ ತೈಲದ ಒತ್ತಡಕ್ಕಿಂತ ಸದಾ ಹೆಚ್ಚಿರುವಂತೆ ಮೇಲಿನಿಂದ ನೀರು ಊಡಿಸುತ್ತಾರೆ. ನೀರು ಒಳಗೆ ಜಿನುಗುತ್ತದೆ, ತೈಲ ಹೊರಗೆ ಹೋಗುವುದಿಲ್ಲ. ಜಿನುಗಿದ ನೀರು ತಳದಲ್ಲಿ ಸೇರುತ್ತದೆ, ಅದನ್ನು ಪಂಪ್ ಮಾಡಿ ತೆಗೆಯುತ್ತಾರೆ.